ಎಂಟು ವರ್ಷದ ಮಗುವಿಗೆ ಡೈಪರ್ ಪ್ಯಾಂಟ್: ತೂಕ ನೋಡಬೇಡಿ, ಟೇಪು ಹಿಡಿಯಿರಿ

ಬಳ್ಳಾರಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟಿದ್ದೆವು. ಮಗನಿಗೆ ಆಗ ಏಳು ಮುಗಿದು ಎಂಟು ನಡೆಯುತ್ತಿತ್ತು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಇನ್ನೂ ನಿಂತಿರಲಿಲ್ಲ. ಸಂಜೆ ಗಡಿಬಿಡಿಯಲ್ಲಿ ಎಕ್ಸ್‌ಎಕ್ಸ್‌ಎಲ್ ಸೈಜಿನ ಡೈಪರ್ ಪ್ಯಾಂಟ್ ಒಂದು ಪ್ಯಾಕೆಟ್ ತಂದೆ. ಅದರ ಮೇಲೆ 15ರಿಂದ 25 ಕೆಜಿ ಅಂತ ಇತ್ತು. ಇವನು 23 ಕೆಜಿ. ಸರಿಹೋಯ್ತು ಅಂದುಕೊಂಡು ನಡುವಿನ ಬರ್ತಿನಲ್ಲಿ ಮಲಗಿಸಿದೆ. ಕೆಳಗಿನ ಬರ್ತ್ ನನ್ನದು. ಬೆಳಗಿನ ಜಾವ ನನಗೆ ಎಚ್ಚರವಾಗಿದ್ದು ತೋಳಿನ ಮೇಲೆ ಏನೋ ತಣ್ಣಗೆ ತೊಟ್ಟಿಕ್ಕಿದಾಗ.

ರೈಲಿನ ಬಚ್ಚಲಲ್ಲಿ ಬಿಚ್ಚಿ ನೋಡಿದರೆ ಡೈಪರ್ ಅರ್ಧವೂ ತುಂಬಿರಲಿಲ್ಲ. ಒಳಗೆ ಒಣಗಿದ ಜಾಗ ಬೇಕಾದಷ್ಟಿತ್ತು. ಎಲ್ಲ ತೊಡೆಸಂದಿನಿಂದ ಹೊರಗೆ ಹೋಗಿತ್ತು. ಮಗ ಸಣಕಲ, ಉದ್ದ. ಡೈಪರಿನ ಉದ್ದ ಸಾಲದೆ ಸೊಂಟದಿಂದ ಕೆಳಗೆ ಜಾರಿತ್ತು, ಕಾಲಿನ ಹತ್ತಿರದ ಫ್ರಿಲ್ಲು ಒಳಗೆ ಮಡಚಿಕೊಂಡಿತ್ತು. ಪ್ಯಾಕೆಟ್ ಮೇಲಿನ ತೂಕವನ್ನು ಮೂರು-ನಾಲ್ಕು ವರ್ಷದ ಗುಂಡುಗುಂಡು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಅದೇ ತೂಕದ ದೊಡ್ಡ ಹುಡುಗನ ಮೈ ಬೇರೆ, ಅಲ್ವಾ?

ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದುಡ್ಡು ಹಾಳು ಮಾಡಿಕೊಂಡೇ ಕಲಿತದ್ದು.

ಕೊಳ್ಳುವ ಮೊದಲು ಡಾಕ್ಟರ್

ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆಯಲ್ಲೇ ಒಂದಕ್ಕೆ ಮಾಡಿಕೊಳ್ಳುತ್ತಾರೆ. ಅವರಲ್ಲಿ ವರ್ಷವರ್ಷವೂ ಸುಮಾರು ನೂರಕ್ಕೆ 15 ಮಕ್ಕಳಿಗೆ ಅದು ತಾನಾಗಿಯೇ ನಿಲ್ಲುತ್ತದೆ. ಉಳಿದವರಿಗೆ ಇನ್ನಷ್ಟು ಕಾಲ ಬೇಕು. ಇದು ಸೋಮಾರಿತನ ಅಲ್ಲ, ಹಟ ಅಲ್ಲ, ದೃಷ್ಟಿಯೂ ಅಲ್ಲ. ನಿದ್ದೆ ಗಾಢ, ಮೂತ್ರಚೀಲ ತುಂಬಿದ್ದು ಮಿದುಳಿಗೆ ಗೊತ್ತಾಗುವುದಿಲ್ಲ. ಕೆಲವರಿಗೆ ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಸಾಕಷ್ಟು ಬರುವುದಿಲ್ಲ. ವಂಶದಲ್ಲೂ ಬರುತ್ತದೆ. ನನ್ನ ಗಂಡ ಮಗನಿಗೆ ಗದರುತ್ತಿದ್ದಾಗ ಒಂದು ದಿನ ನಮ್ಮತ್ತೆ ಒಳಗಿಂದಲೇ ಕೂಗಿದರು: "ಏ, ಸಾಕು ಬಿಡು. ನೀನು ಆರನೇ ಕ್ಲಾಸಿನ ತನಕ ಮಾಡ್ತಿದ್ದಿ. ನಿನ್ನ ಕೌದಿ ಒಗದು ಒಗದು ನನ್ನ ರಟ್ಟಿ ಬಿದ್ದೋಗಿದ್ವು." ಅವತ್ತಿನಿಂದ ಮನೆಯಲ್ಲಿ ಗದರುವುದು ನಿಂತಿತು.

ಆದರೆ ಕೆಲವು ಲಕ್ಷಣ ಇದ್ದರೆ ಡೈಪರ್ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ಆರು ತಿಂಗಳಿಂದ ಸರಿಯಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರು ಮಾಡಿದರೆ, ಹಗಲಲ್ಲೂ ಚಡ್ಡಿ ಒದ್ದೆಯಾದರೆ, ಮೂತ್ರಕ್ಕೆ ಹೋಗುವಾಗ ಉರಿ ಅಂದರೆ, ಜೋರಾಗಿ ಗೊರಕೆ ಹೊಡೆದರೆ ತೋರಿಸಿ. ವಿಪರೀತ ದಾಹ, ಪದೇ ಪದೇ ಮೂತ್ರ, ಮೈ ಇಳಿಯುವುದು, ಇವು ಕಂಡರೆ ಅವತ್ತೇ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ, ಮಾರನೇ ದಿನಕ್ಕೆ ಇಡಬೇಡಿ. ಇನ್ನೊಂದು, ಯಾರೂ ಕೇಳದ ವಿಷಯ: ಮಲಬದ್ಧತೆ. ಗಟ್ಟಿಯಾದ ಮಲ ತುಂಬಿಕೊಂಡಿದ್ದರೆ ಮೂತ್ರಚೀಲಕ್ಕೆ ಜಾಗವೇ ಇರುವುದಿಲ್ಲ. ಎಷ್ಟೋ ಮಕ್ಕಳಿಗೆ ಅದು ಸರಿಹೋದರೆ ರಾತ್ರಿಯದೂ ಅರ್ಧ ಸರಿಹೋಗುತ್ತದೆ. ಒದ್ದೆಯಾದ ಕೂಡಲೇ ಎಬ್ಬಿಸುವ ಅಲಾರಂ, ಡೆಸ್ಮೋಪ್ರೆಸಿನ್ ಅನ್ನುವ ಮಾತ್ರೆ, ಇವೆಲ್ಲ ಇವೆ. ಆದರೆ ಆ ಮಾತ್ರೆ ಕೊಟ್ಟಾಗ ಎಷ್ಟು ನೀರು ಕುಡಿಯಬೇಕು ಅನ್ನುವುದಕ್ಕೆ ಲೆಕ್ಕ ಇರುತ್ತದೆ. ಯಾರೋ ಹೇಳಿದರು ಅಂತ ತಂದು ಕೊಡಬೇಡಿ.

ನೀರು ನಿಲ್ಲಿಸಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಳ್ಳಾರಿ, ರಾಯಚೂರಿನ ಬಿಸಿಲು ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಮಗುವಿಗೆ ಸಂಜೆ ನಾಲ್ಕರಿಂದ ನೀರು ಬಂದ್ ಮಾಡುವವರನ್ನು ನೋಡಿದ್ದೇನೆ. ಹಗಲಲ್ಲಿ ಚೆನ್ನಾಗಿ ಕುಡಿಸಿ. ಮಲಗುವ ಮುಂಚಿನ ಒಂದೆರಡು ಗಂಟೆ ಮಾತ್ರ ಕಡಿಮೆ ಮಾಡಿ. ಸಂಜೆಯ ಚಹಾ, ಕೋಲಾ ಬೇಡ.

ಅಳತೆ ತೆಗೆಯುವುದು

ಟೇಲರ್ ಟೇಪು ಬೇಕು. ಇಲ್ಲದಿದ್ದರೆ ಒಂದು ದಾರ ಸುತ್ತಿ, ಆಮೇಲೆ ಸ್ಕೇಲಿಗೆ ಹಿಡಿಯಿರಿ. ಮಗುವಿಗೆ ಹೊಸ ಚಡ್ಡಿ ಹೊಲಿಸೋಕೆ ಅಂತ ಹೇಳಿದರೂ ನಡೆಯುತ್ತೆ. ನಾನು ಮೊದಲು ಹಾಗೇ ಹೇಳಿದೆ, ಆಮೇಲೆ ನಿಜ ಹೇಳಿದೆ. ನಿಜ ಹೇಳಿದ್ದೇ ವಾಸಿ ಅನ್ನಿಸಿತು.

ನಾಲ್ಕು ಅಳತೆ ಬರೆದುಕೊಳ್ಳಿ. ಹೊಕ್ಕುಳಿನ ಕೆಳಗೆ ಎರಡು ಬೆರಳು ಬಿಟ್ಟು ಸೊಂಟದ ಸುತ್ತ. ಹಿಂದೆ ಉಬ್ಬಿರುವ ಕಡೆ ಪಿರ್ರೆಯ ಸುತ್ತ. ತೊಡೆಸಂದಿನ ಹತ್ತಿರ, ಅಂದರೆ ತೊಡೆ ದಪ್ಪ ಇರುವ ಕಡೆ, ತೊಡೆಯ ಸುತ್ತ. ನಾಲ್ಕನೆಯದು ಯಾವ ಪ್ಯಾಕೆಟ್ಟಿನಲ್ಲೂ ನನಗೆ ಕಾಣದ್ದು: ಮುಂದಿನ ಸೊಂಟದಿಂದ ಕಾಲ ಸಂದಿನಲ್ಲಿ ಹಾಯಿಸಿ ಹಿಂದಿನ ಸೊಂಟದ ತನಕ ಉದ್ದ. ರೈಲಿನಲ್ಲಿ ನನಗೆ ಕೈಕೊಟ್ಟದ್ದು ಇದೇ ಉದ್ದ. ಮಗು ನಿಂತಾಗ ಒಂದು ಸಲ, ಕೂತಾಗ ಇನ್ನೊಂದು ಸಲ ತೆಗೆಯಿರಿ. ಕೂತಾಗ ಸೊಂಟ ಒಂದೆರಡು ಇಂಚು ಹಿಗ್ಗುತ್ತದೆ. ನನ್ನ ಮಗನದು ಆಗ ಸೊಂಟ 21 ಇಂಚು, ಪಿರ್ರೆ 24½, ತೊಡೆ 13½. ಪ್ಯಾಕೆಟ್ ಮೇಲೆ ಸೆಂಟಿಮೀಟರ್ ಇದ್ದರೆ ಇಂಚನ್ನು ಎರಡೂವರೆಯಿಂದ ಗುಣಿಸಿಕೊಳ್ಳಿ.

ಇನ್ನು ಅಂಗಡಿಯಿಂದ ಚಿಕ್ಕ ಪ್ಯಾಕೆಟ್ ಮಾತ್ರ ತನ್ನಿ. ಒಂದು ಪೀಸ್ ತೆಗೆದು ಮಂಚದ ಮೇಲೆ ಹರಡಿ ಅದಕ್ಕೂ ಟೇಪು ಹಿಡಿಯಿರಿ. ಸೊಂಟದ ಎಲಾಸ್ಟಿಕ್ಕನ್ನು ಎಳೆಯದೆ ಅಗಲ ಅಳೆದು ಎರಡರಿಂದ ಗುಣಿಸಿ. ಆಮೇಲೆ ಪೂರಾ ಎಳೆದು ಅಳೆದು ಅದನ್ನೂ ಎರಡರಿಂದ ಗುಣಿಸಿ. ಮಗುವಿನ ಸೊಂಟ ಈ ಎರಡು ಲೆಕ್ಕದ ಮಧ್ಯದಲ್ಲಿ ಬರಬೇಕು. ಪೂರಾ ಎಳೆದಾಗಿನ ಅಳತೆಗೆ ತೀರಾ ಹತ್ತಿರ ಬಂದರೆ ರಾತ್ರಿಯೆಲ್ಲ ಬಿಗಿಯುತ್ತದೆ, ಬೆಳಿಗ್ಗೆ ಸೊಂಟದಲ್ಲಿ ಕೆಂಪು ಗೆರೆ ಉಳಿಯುತ್ತದೆ. ಕಾಲಿನ ತೂತು ಎಳೆಯದಿದ್ದಾಗ ಮಗುವಿನ ತೊಡೆಗಿಂತ ಚಿಕ್ಕದಿರಬೇಕು. ದೊಡ್ಡದಿದ್ದರೆ ಆ ಪ್ಯಾಕೆಟ್ ಎಷ್ಟೇ ಒಳ್ಳೆಯದಿದ್ದರೂ ಸೋರುತ್ತದೆ.

ಯಾವ ಕಪಾಟಿನದು?

ಅಂಗಡಿಯಲ್ಲಿ ಎರಡು ಕಪಾಟು ಇರುತ್ತವೆ. ಒಂದು ಕೂಸುಗಳದ್ದು, ಇನ್ನೊಂದು ಮುದುಕರದ್ದು. ನಮ್ಮ ಮಕ್ಕಳು ಎರಡರ ನಡುವೆ ಸಿಕ್ಕಿಕೊಂಡಿರುತ್ತಾರೆ. ನಮ್ಮ ಕಡೆ ಎಲ್ಲ ಡೈಪರಿಗೂ ಪ್ಯಾಂಪರ್ಸ್ ಅಂತಲೇ ಹೇಳುತ್ತೇವಲ್ಲ, ಹಾಗೆ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, "ಅಕ್ಕಾ, ಮಗು ಎಷ್ಟು ತಿಂಗಳದ್ದೈತಿ?" ಎಂಟು ವರ್ಷ ಅಂದಾಗ ಒಂದು ಮೆಡಿಕಲ್‌ನ ಹುಡುಗ ಒಳಗಿದ್ದವನಿಗೆ ಜೋರಾಗಿ ಕೂಗಿ ಹೇಳಿದ. ಮಾತ್ರೆ ತಗೊಳ್ಳಲು ನಿಂತಿದ್ದ ನಾಲ್ಕು ಜನ ತಿರುಗಿ ನೋಡಿದರು. ಮಗ ನನ್ನ ಪಕ್ಕದಲ್ಲೇ ಇದ್ದ. ಅವತ್ತಿನಿಂದ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಅಳತೆ ಚೀಟಿ ಬರೆದುಕೊಂಡು ಹೋಗುತ್ತೇನೆ, ಇಲ್ಲವೇ ಆನ್‌ಲೈನಿನಲ್ಲಿ ತರಿಸುತ್ತೇನೆ.

ಹೊರದೇಶಗಳಲ್ಲಿ ಈ ವಯಸ್ಸಿಗೆಂದೇ ಡ್ರೈನೈಟ್ಸ್, ಗುಡ್‌ನೈಟ್ಸ್ ಅಂತ ರಾತ್ರಿ ಪ್ಯಾಂಟುಗಳಿವೆ. ನಮ್ಮೂರ ಅಂಗಡಿಗಳಲ್ಲಿ ನನಗೆ ಕಂಡಿಲ್ಲ. ಗುಡ್‌ನೈಟ್ ಕೊಡಿ ಅಂದರೆ ಸೊಳ್ಳೆ ಲಿಕ್ವಿಡ್ ಕೊಡುತ್ತಾರೆ! ಆನ್‌ಲೈನಿನಲ್ಲಿ ಹೊರಗಿನಿಂದ ಬಂದದ್ದು ಸಿಕ್ಕರೂ ಬೆಲೆ ಕೇಳಿದರೆ ಬೇಡ ಅನ್ನಿಸುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಸೊಂಟ 21 ಇಂಚಿನೊಳಗಿದ್ದರೆ ಕೂಸುಗಳ ಕಪಾಟಿನ ಅತಿ ದೊಡ್ಡ ಸೈಜು ನೋಡಿ. ಕೆಲವು ಕಂಪನಿಗಳಲ್ಲಿ ಎಕ್ಸ್‌ಎಕ್ಸ್‌ಎಕ್ಸ್‌ಎಲ್ ಕೂಡ ಬರುತ್ತದೆ. ಒಂದೇ ಸೈಜು ಒಂದೊಂದು ಕಂಪನಿಯಲ್ಲಿ ಒಂದೊಂದು ಉದ್ದ, ಅದಕ್ಕೇ ಟೇಪು. ಸೊಂಟ 24 ಇಂಚು ದಾಟಿದರೆ ದೊಡ್ಡವರ ಸ್ಮಾಲ್ ಅಥವಾ ಮೀಡಿಯಂ. ನಡುವೆ ಇರುವವರದೇ ಕಷ್ಟ. ಎರಡನ್ನೂ ಒಂದೊಂದು ಚಿಕ್ಕ ಪ್ಯಾಕೆಟ್ ತಂದು ನೋಡದೆ ಬೇರೆ ದಾರಿ ಇಲ್ಲ.

ದೊಡ್ಡವರ ಪ್ಯಾಂಟಿನಲ್ಲಿ ಸೊಂಟ ಎಲಾಸ್ಟಿಕ್ಕಿನಿಂದ ಹೇಗೋ ಕೂರುತ್ತದೆ. ಉದ್ದ ಮಾತ್ರ ಕೂರುವುದಿಲ್ಲ. ನಾನು ಮೊದಲು ತಂದದ್ದು ಮಗನಿಗೆ ಹತ್ತಿರಹತ್ತಿರ ಒಂದು ಗೇಣು ಉದ್ದ ಆಗಿತ್ತು. ಎದೆಯ ತನಕ ಎಳೆದರೂ ಕಾಲ ಸಂದಿನಲ್ಲಿ ಜೋಲಿ. ಕತ್ತರಿ ಹಾಕಬೇಡಿ, ಹೊಲಿಗೆಯೂ ಹಾಕಬೇಡಿ. ಕತ್ತರಿಸಿದರೆ ಒಳಗಿನ ಪುಡಿ ಹೊರಗೆ ಬರುತ್ತದೆ. ಸೊಂಟದ ಪಟ್ಟಿಯನ್ನು ಹೊರಗಡೆಗೆ ಒಂದು ಮಡಿಕೆ ಮಡಚಿ, ಮೇಲೆ ಬಿಗಿಯಾದ ಕಾಟನ್ ಚಡ್ಡಿ ಹಾಕಿ. ಆ ಚಡ್ಡಿ ಡೈಪರನ್ನು ಮೈಗೆ ಒತ್ತಿ ಹಿಡಿಯುತ್ತದೆ. ಹತ್ತರಲ್ಲಿ ಎಂಟು ಸಲ ಸೋರಿಕೆ ನಿಂತದ್ದು ನನಗೆ ಈ ಚಡ್ಡಿಯಿಂದಲೇ. ಜತೆಗೆ ಪ್ಲಾಸ್ಟಿಕ್ಕಿನ ಚರಚರ ಸದ್ದೂ ಕಡಿಮೆಯಾಗುತ್ತದೆ. ಅದು ಮಗುವಿಗೆ ನಮಗಿಂತ ಮುಖ್ಯ.

ಒಂದು ಉಪ್ಪುನೀರಿನ ಪರೀಕ್ಷೆ

ಹನ್ನೆರಡು ಗಂಟೆ ಒಣ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಯಾರ ಹನ್ನೆರಡು ಗಂಟೆ? ಎರಡು ವರ್ಷದ ಕೂಸಿನದೋ, ಎಂಟು ವರ್ಷದ ಹುಡುಗನದೋ? ಕೂಸು ರಾತ್ರಿಯಿಡೀ ಸ್ವಲ್ಪಸ್ವಲ್ಪ ಮಾಡುತ್ತದೆ. ದೊಡ್ಡ ಮಗು ಒಂದೇ ಸಲಕ್ಕೆ ಅಷ್ಟೂ ಬಿಡುತ್ತದೆ.

ಮೂತ್ರಚೀಲ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಡಾಕ್ಟರುಗಳದು ಒಂದು ಸುಲಭ ಲೆಕ್ಕ ಇದೆ. ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. ಎಂಟು ವರ್ಷಕ್ಕೆ 270 ಮಿಲಿ ಆಯಿತು. ಅಂದರೆ ಒಂದು ದೊಡ್ಡ ಸ್ಟೀಲ್ ಲೋಟ ತುಂಬ. ಅಷ್ಟು ನೀರು ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ.

ಇದನ್ನು ಬಚ್ಚಲಲ್ಲೇ ಪರೀಕ್ಷೆ ಮಾಡಬಹುದು. ಬರೀ ನೀರು ಹಾಕಿ ನೋಡಬೇಡಿ, ಮೋಸ ಹೋಗುತ್ತೀರಿ. ಡೈಪರಿನ ಒಳಗಿರುವ ಹೀರುವ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್ ಅಂತಾರೆ, ಬರೀ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪು ಸೇರಿದ ಕೂಡಲೇ ಅದರ ಶಕ್ತಿ ಹತ್ತಾರು ಪಟ್ಟಿಗೆ ಇಳಿಯುತ್ತದೆ. ಮೂತ್ರ ಉಪ್ಪುನೀರೇ ತಾನೆ? ಹಾಗಾಗಿ 300 ಮಿಲಿ ನೀರಿಗೆ ಅರ್ಧ ಟೀ ಚಮಚ ಉಪ್ಪು ಕದಡಿ. ಡೈಪರನ್ನು ಬಕೆಟ್ಟಿನ ಬಾಯಿಗೆ ತೊಟ್ಟಿಲಿನ ಹಾಗೆ ಇಟ್ಟು, ಗಂಡುಮಗುವಾದರೆ ಮುಂಭಾಗಕ್ಕೆ, ಹೆಣ್ಣುಮಗುವಾದರೆ ನಡುವಿಗೆ ಒಂದೇ ಧಾರೆಯಲ್ಲಿ ಸುರಿಯಿರಿ. ಮೇಲೆ ನೀರು ನಿಂತು ಪಕ್ಕಕ್ಕೆ ಹರಿಯಿತೋ, ಒಳಗೆ ಇಳಿಯಿತೋ ನೋಡಿ. ಐದು ನಿಮಿಷ ಬಿಟ್ಟು ಒಣ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ. ಬಟ್ಟೆ ಚೂರು ತಂಪಾದರೆ ಪರವಾಗಿಲ್ಲ, ಹಿಂಡುವಷ್ಟು ಒದ್ದೆಯಾದರೆ ಆ ಕಂಪನಿ ಬೇಡ.

ನಾನು ಹೀಗೆ ಮೂರು ಬಗೆ ಪರೀಕ್ಷೆ ಮಾಡಿದೆ. ಮಗನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ಆಮೇಲೆ ಒಂದನ್ನು ಹರಿದು ತೋರಿಸಿದೆ. ನೆನೆಸಿದ ಸಾಬುದಾಣಿಯ ಹಾಗೆ ಕಾಳುಕಾಳು ಉಬ್ಬಿತ್ತು. "ಅವ್ವಾ, ಇಷ್ಟೂ ನಂದೇ?" ಅಂತ ನಕ್ಕ. ಈ ವಿಷಯಕ್ಕೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಡೈಪರ್ ಸಾಲದಿದ್ದರೆ ಕೆಲವರು ಒಳಗೆ ಸ್ಯಾನಿಟರಿ ಪ್ಯಾಡ್ ಇಡುತ್ತಾರೆ. ಅದರ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಪ್ಯಾಡ್ ತುಂಬಿದ ಮೇಲೆ ನೀರು ಕೆಳಗಿನ ಡೈಪರಿಗೆ ಇಳಿಯದೆ ಪಕ್ಕಕ್ಕೆ ಹರಿಯುತ್ತದೆ. ಅದಕ್ಕೆ ಬದಲು ನಾಲ್ಕು ಮಡಿಕೆಯ ಹಳೇ ಕಾಟನ್ ಬಟ್ಟೆ ಇಡಿ. ಹಳೇ ಲುಂಗಿ, ಮೆತ್ತಗಾದ ಇಳಕಲ್ ಸೀರೆ ಎಲ್ಲ ಆಗುತ್ತೆ.

ಹಾಕುವುದು, ತೆಗೆಯುವುದು

ಮಗು ಹೇಗೆ ಮಲಗುತ್ತದೆ ಅನ್ನುವುದನ್ನು ಎರಡು ರಾತ್ರಿ ನೋಡಿ. ಬೋರಲು ಮಲಗುವ ಗಂಡುಮಗುವಿಗೆ ಹೊಟ್ಟೆಯ ಕಡೆಯಿಂದ ಸೋರುತ್ತದೆ, ಸೊಂಟದ ಪಟ್ಟಿ ಎತ್ತರ ಇರುವುದು ಬೇಕು, ಹಾಕಿಕೊಳ್ಳುವಾಗ ಮೂತ್ರದ ಜಾಗ ಕೆಳಮುಖ ಇರಬೇಕು. ಮಗ್ಗುಲಾಗಿ ಮಲಗುವವರಿಗೆ ತೊಡೆ ಸಂದು ಮುಖ್ಯ. ಅಂಗಾತ ಮಲಗಿದರೆ ಬೆನ್ನಿನ ಕಡೆ. ಹಾಕಿದ ಮೇಲೆ ಎರಡೂ ಕಾಲಿನ ಸುತ್ತ ಒಂದು ಬೆರಳು ಓಡಿಸಿ ಫ್ರಿಲ್ಲನ್ನು ಹೊರಗೆ ಎಬ್ಬಿಸಿ. ಅರ್ಧ ನಿಮಿಷದ ಕೆಲಸ. ಮರೆತರೆ ಅವತ್ತು ಹಾಸಿಗೆ ಒಗೆಯುವ ಕೆಲಸ. ಬೆಳಿಗ್ಗೆ ಕೆಳಗೆ ಎಳೆದು ತೆಗೆಯಬೇಡಿ. ಎರಡೂ ಪಕ್ಕದ ಹೊಲಿಗೆ ಹರಿದರೆ ಬಿಚ್ಚಿಕೊಳ್ಳುತ್ತದೆ.

ಎಂಟು ವರ್ಷದ ಮಗುವಿಗೆ ಇದನ್ನೆಲ್ಲ ತಾನೇ ಮಾಡಿಕೊಳ್ಳಲು ಕಲಿಸಿ. ನಮ್ಮ ಮನೆಯಲ್ಲಿ ಡೈಪರ್ ಅನ್ನುವ ಮಾತೇ ಇಲ್ಲ, ಅದು 'ರಾತ್ರಿ ಚಡ್ಡಿ'. ಅವನ ಬಟ್ಟೆಯ ಗೂಡಿನಲ್ಲಿ, ಸ್ಕೂಲ್ ಯೂನಿಫಾರಮ್ಮಿನ ಹಿಂದೆ ಇರುತ್ತದೆ. ಹುಲಿಗೆಮ್ಮನ ಜಾತ್ರೆಗೆ ಬಂದ ನೆಂಟರು ಮನೆ ತುಂಬಿದ್ದಾಗಲೂ ಅವನೇ ಬಚ್ಚಲಿಗೆ ಹೋಗಿ ಹಾಕಿಕೊಂಡು, ಮೇಲೆ ಪೈಜಾಮ ತೊಟ್ಟು ಬಂದು ಅಣ್ಣತಮ್ಮಂದಿರ ಸಾಲಿನಲ್ಲಿ ಮಲಗಿದ. ಯಾರಿಗೂ ಗೊತ್ತಾಗಲಿಲ್ಲ.

ಸೆಕೆ ಮತ್ತು ಚರ್ಮ

ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುವವರು. ಆದರೂ ಡೈಪರಿನ ಒಳಗೆ ಬೆವರು ಬೆವರೇ. ಹೊರಮೈ ಬಟ್ಟೆಯ ಹಾಗೆ ಮೆತ್ತಗಿರುವ, ಗಾಳಿಯಾಡುವಂಥದ್ದು ಆರಿಸಿ. ಪಾಲಿಥೀನಿನ ಹಾಗೆ ನುಣುಪಾಗಿರುವುದು ಮೇ ತಿಂಗಳಿಗೆ ಆಗುವುದಿಲ್ಲ. ಊಟವಾದ ಕೂಡಲೇ ಹಾಕಬೇಡಿ. ಮಲಗುವ ಮುಂಚೆ ಒಂದಕ್ಕೆ ಕಳಿಸಿ, ಆಮೇಲೆ ಹಾಕಿ. ಎದ್ದ ಕೂಡಲೇ ತೆಗೆಸಿ, ನೀರಿನಲ್ಲಿ ತೊಳೆದು, ಒರೆಸಿ ಒಣಗಲು ಬಿಡಿ. ಪೌಡರ್ ಬೇಡ, ಬೆವರಿಗೆ ಉಂಡೆಯಾಗಿ ಸಂದಿನಲ್ಲಿ ಕೂರುತ್ತದೆ, ಗಾಳಿಯಲ್ಲಿ ಹಾರಿ ಉಸಿರಿಗೂ ಹೋಗುತ್ತದೆ. ಕೆಂಪಾದರೆ ಜಿಂಕ್ ಆಕ್ಸೈಡ್ ಕ್ರೀಮು ತೆಳ್ಳಗೆ ಸಾಕು. ಕ್ರೀಮು ದಪ್ಪ ಬಳಿದರೆ ಡೈಪರಿಗೆ ಅಂಟಿ ಅದು ಹೀರುವುದನ್ನೇ ನಿಲ್ಲಿಸುತ್ತದೆ. ಸಂದಿಯೊಳಗೆ ಕಡುಕೆಂಪಾಗಿ, ಸುತ್ತ ಸಣ್ಣಸಣ್ಣ ಕೆಂಪು ಚುಕ್ಕೆ ಎದ್ದಿದ್ದರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ.

ನಡೆಯಲು, ನಿಲ್ಲಲು ಆಗದ ಮಕ್ಕಳಿದ್ದರೆ ಪ್ಯಾಂಟ್ ಬಗೆಯದಕ್ಕಿಂತ ಪಕ್ಕದಲ್ಲಿ ಟೇಪು ಅಂಟಿಸುವ ಬಗೆಯದು ಸುಲಭ. ಮಲಗಿಸಿಕೊಂಡೇ ಬದಲಾಯಿಸಬಹುದು. ಹಗಲಲ್ಲೂ ಹಾಕುವವರು ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಮಲ ಆದರೆ ತಕ್ಷಣ. ಹುಟ್ಟುವಾಗಲೇ ಬೆನ್ನುಹುರಿಯ ತೊಂದರೆ ಇರುವ ಮಕ್ಕಳಿಗೆ ಲೇಟೆಕ್ಸ್, ಅಂದರೆ ಒಂದು ಬಗೆಯ ರಬ್ಬರಿನ, ಅಲರ್ಜಿ ಜಾಸ್ತಿ. ಅಂಥವರು ಲೇಟೆಕ್ಸ್ ಇಲ್ಲ ಅಂತ ಬರೆದದ್ದನ್ನೇ ತನ್ನಿ. ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ 18 ವರ್ಷದ ತನಕ ಮಕ್ಕಳ ತಪಾಸಣೆ ಇದೆ. ಶಾಲೆಗೆ, ಅಂಗನವಾಡಿಗೆ ಬರುವ ಆ ತಂಡದವರನ್ನೇ ಕೇಳಿದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ದುಡ್ಡು, ಕಸ

ಪ್ಯಾಕೆಟ್ ಬೆಲೆ ನೋಡಬೇಡಿ, ಪೀಸಿನ ಬೆಲೆ ನೋಡಿ. ಪೀಸಿಗೆ 30 ರೂಪಾಯಿ ಬಿದ್ದರೆ ತಿಂಗಳಿಗೆ 900. ಇಪ್ಪತ್ತು ರೂಪಾಯಿಯದು ಸೋರಿ ದಿನಾ ಕೌದಿ ಒಗೆಸಿದರೆ ಅದೇನು ಅಗ್ಗ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಡೈಪರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಕೊಳ್ಳುವಾಗ ಎಂಆರ್‌ಪಿಯ ಜತೆ ತಯಾರಾದ ತಿಂಗಳನ್ನೂ ನೋಡಿ, ಹಳೇ ಸ್ಟಾಕಿನ ಮೇಲೆ ಹಳೇ ಬೆಲೆಯೇ ಅಚ್ಚಾಗಿರಬಹುದು. ಆಫರ್ ಇದೆ ಅಂತ ಮೂರು ತಿಂಗಳದ್ದು ಒಟ್ಟಿಗೆ ತರಬೇಡಿ. ಈ ವಯಸ್ಸಿನಲ್ಲಿ ಮಕ್ಕಳು ಬೇಗ ಬೆಳೆಯುತ್ತಾರೆ. ಹಾಸಿಗೆಗೆ ಒಂದು ರಬ್ಬರ್ ಶೀಟು, ಅದರ ಮೇಲೆ ದುಪ್ಪಡಿ ಹಾಸಿದರೆ ಸೋರಿದ ದಿನವೂ ಗಾದಿ ಉಳಿಯುತ್ತದೆ.

ಬಳಸಿದ್ದನ್ನು ಉರುಳಿಸಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಬೇರೆ ಮಾಡಿ ಕೊಡಿ. ಹಾಗೆ ಸುತ್ತಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಓಣಿಯ ತಿಪ್ಪೆಗೆ ಎಸೆದರೆ ಬೆಳಗಾಗುವಷ್ಟರಲ್ಲಿ ನಾಯಿಗಳು ಎಳೆದಾಡಿರುತ್ತವೆ. ಆಗ ಯಾರ ಮನೆಯದು ಅಂತ ಇಡೀ ಓಣಿಗೆ ಗೊತ್ತು. ಕಾಲುವೆಗೆ ಹಾಕಬೇಡಿ, ಆ ನೀರನ್ನೇ ಮುಂದಿನ ಊರಿನವರು ಬಳಸುತ್ತಾರೆ. ಹಿತ್ತಲಲ್ಲಿ ಸುಡಬೇಡಿ. ಕಕ್ಕಸಿಗೆ ಹಾಕಿದರೆ ಉಬ್ಬಿ ಪೈಪು ಕಟ್ಟುತ್ತದೆ, ಪ್ಲಂಬರಿಗೆ ಕೊಡುವ ದುಡ್ಡಿನಲ್ಲಿ ಎರಡು ಪ್ಯಾಕೆಟ್ ಬರುತ್ತಿತ್ತು.

ಯಾವಾಗ ನಿಲ್ಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಕ್ಯಾಲೆಂಡರಿನಲ್ಲಿ ಒಣಗಿದ ರಾತ್ರಿಗೆ ಒಂದು ಚುಕ್ಕೆ ಇಡಿ. ಸತತವಾಗಿ 14 ಚುಕ್ಕೆ ಬಂದರೆ ರಜೆಯ ದಿನ ನೋಡಿ ಬಿಟ್ಟು ನೋಡಿ. ಮತ್ತೆ ಒದ್ದೆಯಾದರೆ ಮತ್ತೆ ಹಾಕಿ, ಸುಮ್ನೆ ದೊಡ್ಡದು ಮಾಡಬೇಡಿ. ನಮ್ಮದು ಸದ್ಯಕ್ಕೆ ಒಂಬತ್ತು ಚುಕ್ಕೆಯ ತನಕ ಬಂದು ತಪ್ಪಿದೆ. ಮಗನ ಸೊಂಟ ಈಗ 23 ಇಂಚು, ದೊಡ್ಡವರ ಸ್ಮಾಲ್‌ಗೆ ಬಂದಿದ್ದೇವೆ, ಮೇಲೆ ಚಡ್ಡಿ ಇದ್ದೇ ಇದೆ. ರೈಲಿಗೆ ತಂದಿದ್ದ ಆ ಎಕ್ಸ್‌ಎಕ್ಸ್‌ಎಲ್ ಪ್ಯಾಕೆಟ್ಟಿನಲ್ಲಿ ಉಳಿದವನ್ನು ಪಕ್ಕದ ಮನೆಯ ಮೂರು ವರ್ಷದ ಗುಂಡಮ್ಮನಿಗೆ ಕೊಟ್ಟೆ. ಅವಳಿಗೆ ಹೇಳಿ ಮಾಡಿಸಿದ ಹಾಗೆ ಕೂತವು.